ಎಫ್‌1ಟೆಂತ್ ಕಾರು: ನೆಲಕ್ಕಿಳಿಸುವ ಮುಂಚೆ ಜಿಮ್‌ನಲ್ಲಿ ಓಡಿಸಿ ನೋಡುವುದು

ನಿಜವಾದ ಕಾರಿನ ಹತ್ತನೇ ಒಂದು ಪಾಲಿನಷ್ಟಿರುವ, ಚಾಲಕನಿಲ್ಲದೆ ಕೋಡ್ ಓಡಿಸುವ ಈ ರೇಸ್ ಕಾರಿಗೆ ಅದರದೇ ಸಿಮ್ಯುಲೇಟರ್ (ಕಂಪ್ಯೂಟರಿನೊಳಗೇ ಕಾರು ಓಡಿಸಿ ನೋಡುವ ತಂತ್ರಾಂಶ) ಇದೆ, ಎಫ್‌1ಟೆಂತ್ ಜಿಮ್. ರೋಬಾಟ್‌ಗಳ ಕೋಡ್ ಬರೆಯಲು ಬಳಸುವ ರಾಸ್ 2 ತಂತ್ರಾಂಶಕ್ಕೆ ಇದನ್ನು ಜೋಡಿಸುವ ಬ್ರಿಡ್ಜ್ ಕೂಡ ಸಿಗುತ್ತದೆ. ತಂತ್ರಾಂಶವನ್ನು ಬೇಕಾದ್ದೆಲ್ಲದರ ಜೊತೆ ಪ್ರತ್ಯೇಕ ಡಬ್ಬಿಯಲ್ಲಿಟ್ಟಂತೆ ಓಡಿಸುವ ಡಾಕರ್‌ನಲ್ಲಿ ಹಾಕಿಕೊಳ್ಳಿ, ಪೈಥಾನ್ ವರ್ಶನ್‌ಗಳ ತಕರಾರು ತಪ್ಪುತ್ತದೆ.

ಬ್ರಿಡ್ಜ್‌ನ ಸೆಟ್ಟಿಂಗ್‌ಗಳಿರುವ ಸಿಮ್ ಯಾಮಲ್ (sim.yaml) ಫೈಲಿನಲ್ಲಿ ಮ್ಯಾಪಿನ ಪೂರ್ತಿ ಪಾತ್ ಕೊಡಿ. ಫೈಲ್ ಹೆಸರಿನ ಕೊನೆಯ ಪಿಎನ್‌ಜಿ ಅಲ್ಲಿ ಬೇಡ, ಅದಕ್ಕೆ ಬೇರೆ ಸಾಲಿದೆ. ಕಾರುಗಳ ಸಂಖ್ಯೆ 1 ಇರಲಿ. ತಿದ್ದಿದ ಮೇಲೆ ಕೋಲ್ಕಾನ್ ಬಿಲ್ಡ್ (ರಾಸ್ 2 ಕೋಡನ್ನು ಮತ್ತೆ ಕಟ್ಟುವ ಆಜ್ಞೆ) ಮಾಡದಿದ್ದರೆ ಹಳೆಯ ಮ್ಯಾಪೇ ತೆರೆಯುತ್ತದೆ.

ನಿಮ್ಮ ಕಾರಿಡಾರಿನ ಮ್ಯಾಪನ್ನು ಸ್ಲ್ಯಾಮ್‌ನಿಂದ (ಕಾರು ಓಡಾಡುತ್ತಲೇ ಮ್ಯಾಪ್ ಬರೆಯುವ ವಿಧಾನ) ತಂದಿದ್ದರೆ ಮೊದಲು ಜಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ತೆರೆದು ನೋಡಿ. ಸ್ಲ್ಯಾಮ್ ತನಗೆ ಕಾಣದ ಜಾಗವನ್ನು (ಕಪ್ಪು 0, ಬಿಳಿ 255 ಎಂಬ ಅಳತೆಯಲ್ಲಿ) 205ರ ಬೂದು ಬಣ್ಣದಲ್ಲಿ ಉಳಿಸುತ್ತದೆ. ಜಿಮ್‌ಗೆ 128ಕ್ಕಿಂತ ಮೇಲಿನದೆಲ್ಲ ಬಿಳಿ, ಅಂದರೆ ಖಾಲಿ ಜಾಗ; ಆ ಬೂದೂ ಅದಕ್ಕೆ ಖಾಲಿಯೇ. ಗೋಡೆಯ ಗೆರೆಯಲ್ಲಿ ಒಂದೆರಡು ಪಿಕ್ಸೆಲ್ ಸಂದಿಯಿದ್ದರೂ ಲೈಡಾರ್‌ನ (ಲೇಸರ್‌ನಿಂದ ದೂರ ಅಳೆಯುವ ಸಾಧನ) ಕಿರಣ ಅದರಾಚೆ ನುಗ್ಗಿ ಹೋಗುತ್ತದೆ. ಅತಿ ದೂರದ ಖಾಲಿ ಜಾಗ ಹುಡುಕುವ ಫಾಲೋ ದ ಗ್ಯಾಪ್ ಕೋಡ್ ಆ ಸಂದಿಯನ್ನೇ ದಾರಿಯೆಂದು ನಂಬಿ ಗೋಡೆಗೆ ಗುದ್ದುತ್ತದೆ. ಕೋಡನ್ನು ಬೈಯುವ ಮುಂಚೆ ಸಂದಿಗಳನ್ನು ಕಪ್ಪು ಬಣ್ಣದಿಂದ ಮುಚ್ಚಿ.

ಗುದ್ದಿದ ಕಾರು ಅಲ್ಲೇ ನಿಲ್ಲುತ್ತದೆ. ಕಾರು, ಮ್ಯಾಪ್ ತೋರಿಸುವ ಆರ್‌ವಿಜ್ ಕಿಟಕಿಯ 2ಡಿ ಪೋಸ್ ಎಸ್ಟಿಮೇಟ್ ಒತ್ತಿ, ಬೇರೆ ಜಾಗದಲ್ಲಿ ಕೂರಿಸಿ.

ಸ್ಟೀರಿಂಗ್ ಕೋನ ರೇಡಿಯನ್‌ನಲ್ಲಿರಬೇಕು. ಡಿಗ್ರಿ ಕಳಿಸಿದರೆ ಎರರ್ ಬರುವುದಿಲ್ಲ, ಚಕ್ರ 0.4189 ರೇಡಿಯನ್ನಿನ, ಸುಮಾರು 24 ಡಿಗ್ರಿಯ, ಮಿತಿಗೆ ಹೋಗಿ ಅಂಟಿಕೊಳ್ಳುತ್ತದೆ. ಕಾರು ಎಡಕ್ಕೂ ಬಲಕ್ಕೂ ಹುಚ್ಚಾಪಟ್ಟೆ ಒಲೆದಾಡಿದರೆ ಮೊದಲ ಅನುಮಾನ ಇದರ ಮೇಲಿರಲಿ. ಕಾರು ಎಲ್ಲಿದೆ, ಎಷ್ಟು ವೇಗದಲ್ಲಿದೆ ಎಂದು ತಿಳಿಸುವ ಓಡೋಮೆಟ್ರಿ ಟಾಪಿಕ್ಕಿನ (ರಾಸ್‌ನಲ್ಲಿ ಮಾಹಿತಿ ಹರಿಯುವ ದಾರಿ) ಹೆಸರು ಸಿಮ್‌ನಲ್ಲೊಂದು, ಕಾರಿನಲ್ಲೊಂದು. ಅದನ್ನು ಕೋಡಿನೊಳಗೆ ಬರೆಯದೆ ಪ್ಯಾರಾಮೀಟರ್ ಮಾಡಿಕೊಳ್ಳಿ.

ಇಷ್ಟಾದ ಮೇಲೆ, ನಿಜವಾದ ಕಾರಿನ ಕೊರತೆಗಳು ಇಲ್ಲೂ ಕಾಣುವಂತೆ ಸಿಮ್ಯುಲೇಟರನ್ನು ಬೇಕೆಂದೇ ಕೆಡಿಸಬೇಕು. ಅದರ ಲೈಡಾರ್ 30 ಮೀಟರ್ ಕಾಣುತ್ತದೆ. ಕಾರಿಗೆ ಹಾಕುವ ಲೈಡಾರ್, ಹೊಕುಯೊ ಯುಎಸ್‌ಟಿ-10ಎಲ್‌ಎಕ್ಸ್‌ನದು 10 ಮೀಟರ್ ಮಾತ್ರ. ಹಾಗಾಗಿ ನಿಮ್ಮ ನೋಡ್‌ನಲ್ಲೇ (ರಾಸ್‌ನಲ್ಲಿ ಓಡುವ ನಿಮ್ಮ ಪ್ರೋಗ್ರಾಂ) 10 ಮೀಟರ್ ಆಚೆಯ ಅಂಕೆಗಳನ್ನು ಕತ್ತರಿಸಿ. ನಿಜವಾದ ಲೈಡಾರ್ ಕಿರಣ ಗಾಜಿನ ಬಾಗಿಲನ್ನು ಹಾದುಹೋಗಿ ಅಲ್ಲಿ ಏನೂ ಇಲ್ಲವೆಂದುಕೊಳ್ಳಬಹುದು; ಇದು ಜಿಮ್‌ಗೆ ಗೊತ್ತೇ ಇಲ್ಲ. ಮ್ಯಾಪಿನಲ್ಲಿ ಅಲ್ಲಲ್ಲಿ ಗೋಡೆ ಅಳಿಸಿ, ಕೋಡ್ ಏನು ಮಾಡುತ್ತದೆ ನೋಡಿ.

ಟೈರಿಗೆ ನೆಲದ ಮೇಲೆ ಎಷ್ಟು ಹಿಡಿತವಿದೆ ಎಂದು ಹೇಳುವ ಮ್ಯೂ ಬೆಲೆ ಜಿಮ್‌ನ ಮೂಲ ಪಟ್ಟಿಯಲ್ಲಿ 1.0489. ನುಣುಪು ಟೈಲ್ಸ್ ಮೇಲೆ ಅಷ್ಟು ಹಿಡಿತ ನಿರೀಕ್ಷಿಸಬೇಡಿ, 0.6ಕ್ಕೆ ಇಳಿಸಿ ತಿರುವುಗಳನ್ನು ಮತ್ತೆ ಓಡಿಸಿ. ಆದರೆ ಕಾರಿನ ಅಂಕೆಗಳನ್ನು ಜಿಮ್‌ಗೆ ಕೊಡುವ ಪ್ಯಾರಾಮ್ಸ್ ಡಿಕ್ಷನರಿಯಲ್ಲಿ ಮ್ಯೂ ಒಂದನ್ನೇ ಕೊಟ್ಟರೆ ತೂಕ, ಉದ್ದ ಇತ್ಯಾದಿ ಸಿಗದೆ ಕೀ ಎರರ್ ಬರುತ್ತದೆ. ಮೂಲ ಪಟ್ಟಿಯನ್ನು ಇಡಿಯಾಗಿ ನಕಲು ಮಾಡಿ, ಆಮೇಲೆ ಆ ಒಂದು ಅಂಕೆ ಬದಲಿಸಿ.