ಕ್ರಾಸ್‌ವರ್ಡ್‌ನಲ್ಲಿ ಫ್ಲವರ್ ಅಂದರೆ ಹೂವಲ್ಲ

ಕ್ರಿಪ್ಟಿಕ್ ಕ್ರಾಸ್‌ವರ್ಡ್ ಬಿಡಿಸೋದಕ್ಕೆ ಭಾರೀ ಇಂಗ್ಲಿಷ್ ಬೇಕು ಅಂದುಕೊಂಡು ನಮ್ಮ ಕಡೆ ಬಹಳ ಜನ ಅದರ ಹತ್ತಿರವೇ ಸುಳಿಯುವುದಿಲ್ಲ. ನಾನು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಕೊಡಗಿನ ಸಿದ್ದಾಪುರದ ಹತ್ತಿರದ ಒಂದು ಕಾಫಿ ತೋಟದಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿದ್ದೇನೆ. ದಿ ಹಿಂದೂ ಪತ್ರಿಕೆಯ ಕ್ರಿಪ್ಟಿಕ್ ಬಿಡಿಸುವುದು ಎಷ್ಟೋ ವರ್ಷಗಳಿಂದ ನನ್ನ ದಿನಚರಿಯ ಭಾಗ. ನಾನು ಕಂಡಂತೆ ದೊಡ್ಡ ದೊಡ್ಡ ಪದಗಳಿಂದ ತೊಂದರೆಯೇ ಇಲ್ಲ, ಡಿಕ್ಷನರಿ ತೆಗೆದರೆ ಅವು ಸಿಕ್ಕಿಬಿಡುತ್ತವೆ. ದಾರಿ ತಪ್ಪಿಸುವುದು ನಂಬರ್, ಸೆಕೆಂಡ್, ಲೆಟರ್, ಫ್ಲವರ್‌ನಂಥ ಮೂರನೇ ಕ್ಲಾಸಿನ ಪದಗಳು. ಗೊತ್ತಿದೆ ಅನ್ನುವ ಧೈರ್ಯದಲ್ಲಿ ಅವುಗಳ ಅರ್ಥವನ್ನು ನಾವು ಯಾರೂ ತೆಗೆದು ನೋಡುವುದಿಲ್ಲ.

ಆಟದ ನಿಯಮ ಚಿಕ್ಕದು. ಆರ್ಥರ್ ವಿನ್ 1913ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಗೆ ಮಾಡಿಕೊಟ್ಟ ಮೊದಲ ಪದಬಂಧದಲ್ಲಿ ನೇರ ಸುಳಿವುಗಳೇ ಇದ್ದವು. ಸುಳಿವಿನೊಳಗೆ ಅಕ್ಷರದಾಟ ಬಚ್ಚಿಡುವ ಕ್ರಿಪ್ಟಿಕ್ ಬೆಳೆದದ್ದು ಆಮೇಲೆ, ಇಂಗ್ಲೆಂಡಿನಲ್ಲಿ. ಅದರಲ್ಲಿ ಸಾಮಾನ್ಯವಾಗಿ ಪ್ರತಿ ಸುಳಿವಿಗೂ ಎರಡು ತುಂಡು. ಒಂದು ತುಂಡು ಉತ್ತರದ ಅರ್ಥ, ಇನ್ನೊಂದು ಅದೇ ಉತ್ತರವನ್ನು ಅಕ್ಷರಗಳಿಂದ ಕಟ್ಟುವ ದಾರಿ. ಅರ್ಥ ಹೇಳುವ ತುಂಡು ಸುಳಿವಿನ ತಲೆಯಲ್ಲಿರುತ್ತದೆ, ಇಲ್ಲವೇ ಬಾಲದಲ್ಲಿ. ನಡುವೆ ಇರುವುದಿಲ್ಲ. ಕಡೆಗೆ ಆವರಣದಲ್ಲಿ ಅಕ್ಷರಗಳ ಸಂಖ್ಯೆ. ಇಷ್ಟು ತಿಳಿದರೆ ಕೂರಬಹುದು. ಆಮೇಲಿನದೆಲ್ಲ ಪದಗಳ ಮೇಲೆ ಅನುಮಾನ ಪಡುವ ಅಭ್ಯಾಸ.

ಫ್ಲವರ್ ಅಂತ ಅಚ್ಚಾಗಿದ್ದನ್ನು ನೋಡಿ. ಫ್ಲೋ ಆಗುವುದು ಫ್ಲೋ-ಅರ್, ಅಂದರೆ ನದಿ. ಕಾಗುಣಿತ ಎರಡಕ್ಕೂ ಒಂದೇ. ಹಾಗಾಗಿ ಕ್ರಾಸ್‌ವರ್ಡ್‌ನಲ್ಲಿ ಫ್ಲವರ್ ಬಂದಾಗ ಗುಲಾಬಿ, ಸೇವಂತಿಗೆ ಹುಡುಕುವುದಕ್ಕೆ ಮುಂಚೆ ನಾನು ನೈಲ್, ಪೋ, ಡೀ, ಎಕ್ಸ್ ಅಂತ ನದಿಗಳ ಹೆಸರು ಹಾಕಿ ನೋಡುತ್ತೇನೆ. ಬ್ಯಾಂಕರ್ ಕೂಡ ಹಾಗೇ. ಎರಡು ಕಡೆ ಬ್ಯಾಂಕ್ ಇರುವುದು, ಅಂದರೆ ದಡ ಇರುವುದು ಬ್ಯಾಂಕರ್. 'ಬ್ಯಾಂಕರ್ ಹೂ ಸ್ಟಾರ್ಟೆಡ್ ಇನ್ ಕೂರ್ಗ್ (7)' ಅಂತ ನಾನೇ ಒಂದು ಸುಳಿವು ಮಾಡಿಟ್ಟಿದ್ದೇನೆ. ಓದಿದವರಿಗೆ ಕೊಡಗಿನಿಂದ ಹೋಗಿ ದೊಡ್ಡ ಹುದ್ದೆಗೇರಿದ ಯಾರೋ ಬ್ಯಾಂಕ್ ಅಧಿಕಾರಿ ನೆನಪಾಗಬೇಕು. ಉತ್ತರ ತಲಕಾವೇರಿಯಲ್ಲಿ ಹುಟ್ಟುವ ನಮ್ಮ ಕಾವೇರಿ, ಸಿ-ಎ-ಯು-ವಿ-ಇ-ಆರ್-ವೈ ಅನ್ನುವ ಹಳೇ ಸ್ಪೆಲ್ಲಿಂಗಿನಲ್ಲಿ ಸರಿಯಾಗಿ ಏಳು ಅಕ್ಷರ. ಹೈಸ್ಕೂಲಿನಲ್ಲಿ ಓದಿದ ಶ್ಲೇಷಾಲಂಕಾರ ಇದೇ ಅಲ್ಲವೇ ಅಂತ ಹೊಳೆದಾಗ ನನಗೆ ಈ ಆಟ ಪರಕೀಯ ಅನ್ನಿಸುವುದು ನಿಂತಿತು.

ಇಲ್ಲಿಂದ ನನಗೆ ಸಿಕ್ಕ ಮೊದಲ ಪಾಠ, ಸುಳಿವನ್ನು ಗಟ್ಟಿಯಾಗಿ ಓದಬಾರದು. ನಮ್ಮದು ಬರೆದಂತೆ ಓದುವ ಭಾಷೆ, ಬಾಯಿ ತಾನಾಗಿಯೇ ಒಂದು ಉಚ್ಚಾರ ಹಿಡಿಯುತ್ತದೆ. ಫ್ಲವರ್ ಅಂತ ಒಮ್ಮೆ ಬಾಯಲ್ಲಿ ಬಂದರೆ ಮುಗಿಯಿತು, ಫ್ಲೋ-ಅರ್ ಆಮೇಲೆ ಕಾಣುವುದಿಲ್ಲ. ನಂಬರ್ ಅಂತ ಓದಿದವರಿಗೆ ನಮ್-ಅರ್ ಕಾಣುವುದಿಲ್ಲ, ಅಂದರೆ ಮರಗಟ್ಟಿಸುವಂಥದ್ದು, ಈಥರ್‌ನಂಥ ಅರಿವಳಿಕೆ. ಟವರ್ ಒಳಗೆ ಟೋ-ಅರ್, ಅಂದರೆ ಎಳೆದುಕೊಂಡು ಹೋಗುವ ಟ್ರ್ಯಾಕ್ಟರ್ ಇದೆ. ಸೀವರ್ ಒಳಗೆ ಹೊಲಿಯುವವಳಿದ್ದಾಳೆ. ಅದಕ್ಕೇ ನಾನು ಸುಮ್ಮನೆ ಕಣ್ಣಿನಲ್ಲಿ ಓದಿ, ಅರ್, ಎಡ್ ಅಂತ ಕೊನೆಯಾಗುವ ಪದ ಸಿಕ್ಕಿದರೆ ಬಾಲ ಕಿತ್ತು ಬುಡ ನೋಡುತ್ತೇನೆ.

ಇದಕ್ಕೆ ನಮ್ಮ ತೋಟದ ಮಾತುಗಳಷ್ಟು ಒಳ್ಳೆಯ ಸಾಮಗ್ರಿ ಇನ್ನೊಂದಿಲ್ಲ. ಕೊಡಗಿನಲ್ಲಿ ಕನ್ನಡ, ಕೊಡವ ತಕ್ಕ್, ಅರೆಭಾಷೆ ಏನೇ ಆಡಲಿ, ಎಸ್ಟೇಟ್, ಲೈನ್, ಶವರ್, ಪ್ಲಾಂಟ್, ರೈಟರ್ ಎಲ್ಲರ ಬಾಯಲ್ಲೂ ಇವೆ. ಇಷ್ಟು ಬಳಸಿ ಬಳಸಿಯೇ ಒಂದೊಂದಕ್ಕೂ ಒಂದೊಂದೇ ಅರ್ಥ ಗಟ್ಟಿಯಾಗಿ ಕೂತುಬಿಟ್ಟಿದೆ. ಶವರ್ ಅಂದರೆ ನಮಗೆ ಫೆಬ್ರುವರಿ-ಮಾರ್ಚ್‌ನಲ್ಲಿ ರೊಬಸ್ಟಾ ಕಾಫಿಯ ಹೂ ಅರಳಿಸುವ ಮಳೆ. ಬರದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು, ಡೀಸೆಲ್ ಲೆಕ್ಕ ಬರೆಯುವುದು ನಾನೇ. ಕ್ರಾಸ್‌ವರ್ಡ್‌ನಲ್ಲಿ ಅದೇ ಪದ ಶೋ-ಅರ್ ಆಗಿ, ತೋರಿಸುವಂಥದ್ದು ಆಗಬಹುದು. 'ಶವರ್ ಇನ್ ಥಿಯೇಟರ್ (9)' ಅಂದರೆ ಪ್ರೊಜೆಕ್ಟರ್. ಎಸ್ಟೇಟ್ ಅಂದರೆ ಬ್ರಿಟಿಷರಿಗೆ ಹಿಂದೆ ಸಾಮಾನು ಹಾಕಲು ಜಾಗವಿರುವ ಉದ್ದನೆಯ ಕಾರು. ಕೂಲಿಯವರು ಇರುವ ಲೈನ್ ಮನೆಯ ಲೈನ್ ಅಲ್ಲಿ ಬರೀ ಎಲ್ ಅಕ್ಷರ, ಇಲ್ಲವೇ ರೈಲುದಾರಿ ಅಂತಾಗಿ ಆರ್-ವೈ. ರೈಟರ್ ನಮ್ಮಲ್ಲಿ ಹಾಜರಿ ಬರೆದು ಕೆಲಸ ನೋಡಿಕೊಳ್ಳುವವನು, ಅಲ್ಲಿ ಪೆನ್. 'ದಿಸ್ ರೈಟರ್' ಅಂತಿದ್ದರೆ ಸುಳಿವು ಬರೆದ ಸೆಟರ್ ತನ್ನ ಬಗ್ಗೆಯೇ ಹೇಳುತ್ತಿದ್ದಾರೆ, ಐ ಅಥವಾ ಎಂ-ಇ ಹಾಕಬೇಕು.

ರಿಸಾರ್ಟ್ ನೋಡಿ. ಈಗ ಕೊಡಗಿನಲ್ಲಿ ತಿರುವಿಗೊಂದು ಬೋರ್ಡ್. ರಿ-ಸಾರ್ಟ್ ಅಂತ ಒಡೆದರೆ ಮತ್ತೆ ವಿಂಗಡಿಸು, ಅಕ್ಷರಗಳನ್ನು ಕಲಸಿ ಹೊಸದಾಗಿ ಜೋಡಿಸು ಅನ್ನುವ ಆಜ್ಞೆ. ಇಂಥ ಆಜ್ಞೆಯ ಪದಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಗ್ರೌಂಡ್. ಪೊನ್ನಂಪೇಟೆಯಲ್ಲಿ ಗ್ರೌಂಡ್ ಅಂದರೆ ಹಾಕಿ ಆಟದ ಮೈದಾನ, ಎಲೆಕ್ಟ್ರಿಷಿಯನ್‌ಗೆ ಅರ್ಥಿಂಗ್, ಕಾಫಿ ಅಂಗಡಿಯಲ್ಲಿ ಪುಡಿ ಮಾಡಿದ್ದು. ಸೆಟರ್ ಹಿಡಿಯುವುದು ಈ ಕೊನೆಯದನ್ನು. 'ಗ್ರೌಂಡ್ ಬೀನ್ಸ್ ಕ್ಯಾನ್ ಬಿ ಪಾಯ್ಸನ್ಸ್ (5)' ಅಂದಾಗ ಕಾಫಿ ಪುಡಿಯ ವಾಸನೆ ಮೂಗಿಗೆ ಬಡಿಯುತ್ತದೆ, ಆದರೆ ಅಲ್ಲಿ ಕಾಫಿಯೇ ಇಲ್ಲ. ಬೀನ್ಸ್ ಪದದ ಬಿ, ಇ, ಎ, ಎನ್, ಎಸ್ ಅಕ್ಷರಗಳನ್ನು ಅರೆದು ಕಲಸಿದರೆ ಬಿ-ಎ-ಎನ್-ಇ-ಎಸ್, ಬೇನ್ಸ್, ಅಂದರೆ ವಿಷಗಳು.

ಒಂದು ಪದಕ್ಕೆ ಎಷ್ಟು ಅರ್ಥ ಇರಬಹುದು ಅನ್ನುವುದಕ್ಕೆ ಮಿತಿಯೇ ಇಲ್ಲವೇನೋ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ 1989ರ ಎರಡನೇ ಆವೃತ್ತಿಯಲ್ಲಿ ಸೆಟ್ ಅನ್ನುವ ಮೂರಕ್ಷರದ ಪದಕ್ಕೆ 430 ಅರ್ಥ ಕೊಟ್ಟಿದ್ದಾರೆ. ಮುಂದೆ ಅದರ ಪರಿಷ್ಕರಣೆಯಲ್ಲಿ ರನ್ ಅನ್ನುವ ಕ್ರಿಯಾಪದ ಒಂದಕ್ಕೇ 645 ಬಂತು. ಇದನ್ನೆಲ್ಲ ಬಾಯಿಪಾಠ ಮಾಡುವುದು ಸಾಧ್ಯವೂ ಇಲ್ಲ, ಬೇಕಾಗಿಯೂ ಇಲ್ಲ. ನಾನು ಮಾಡುವುದು ಬೇರೆ. ಪದದ ಅರ್ಥ ಕೇಳುವ ಮೊದಲು ಅದು ನಾಮಪದವೋ, ಕ್ರಿಯಾಪದವೋ, ಗುಣವಾಚಕವೋ ಅಂತ ಕೇಳುತ್ತೇನೆ. ವಾಕ್ಯ ಅದನ್ನು ನಾಮಪದ ಅಂತ ತೋರಿಸುತ್ತಿದ್ದರೆ ಕ್ರಿಯಾಪದ ಮಾಡಿ ನೋಡುತ್ತೇನೆ. ಸೆಕೆಂಡ್ ಎರಡನೆಯದು ಅಲ್ಲದಿದ್ದರೆ ಕ್ಷಣ, ಅದೂ ಅಲ್ಲದಿದ್ದರೆ ಸಭೆಯಲ್ಲಿ ಅನುಮೋದಿಸು, ಬರೀ ಎಸ್ ಅಕ್ಷರವೂ ಇರಬಹುದು. ಫೈನ್ ಚೆನ್ನಾಗಿದೆ ಅಲ್ಲದಿದ್ದರೆ ದಂಡ. ಹತ್ತರಲ್ಲಿ ಆರೇಳು ಬೀಗ ಈ ಒಂದು ಪ್ರಶ್ನೆಗೇ ತೆರೆದುಕೊಳ್ಳುತ್ತವೆ ಅನ್ನುವುದು ನನ್ನ ನಂಬಿಕೆ.

ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದದ್ದು ದೊಡ್ಡಕ್ಷರ. ನಮ್ಮ ಲಿಪಿಯಲ್ಲಿ ಅದು ಇಲ್ಲದ್ದರಿಂದ ಕಣ್ಣು ಅದರ ಮೇಲೆ ನಿಲ್ಲುವುದಿಲ್ಲ. ಇಂಗ್ಲಿಷ್ ವಾಕ್ಯದ ಮೊದಲ ಅಕ್ಷರ ಹೇಗೂ ದೊಡ್ಡದು, ಸೆಟರ್ ಅದರ ಮರೆಯಲ್ಲಿ ಅಂಕಿತನಾಮ ಬಚ್ಚಿಡುತ್ತಾರೆ. ಸುಳಿವು ನೈಸ್ ಅಂತ ಶುರುವಾದರೆ ಫ್ರಾನ್ಸಿನ ನೀಸ್ ಪಟ್ಟಣ ಇರಬಹುದು, ರೀಡಿಂಗ್ ಅಂತಿದ್ದರೆ ಇಂಗ್ಲೆಂಡಿನ ರೆಡಿಂಗ್, ಪಾಲಿಶ್ ಅಂತಿದ್ದರೆ ಪೋಲೆಂಡಿನವರು, ಮೊಬೈಲ್ ಅಂತಿದ್ದರೆ ಅಮೆರಿಕದ ಅಲಬಾಮಾದ ಊರು. ಬೇಡದ ಕಡೆ ದೊಡ್ಡಕ್ಷರ ಹಾಕಿ ದಾರಿ ತಪ್ಪಿಸಲು ಸೆಟರ್‌ಗೆ ಅವಕಾಶ ಇದೆ. ಬೇಕಾದ ಕಡೆ ತೆಗೆಯುವುದು ಮಾತ್ರ ನ್ಯಾಯವಲ್ಲ ಅನ್ನುವುದು ಒಳ್ಳೆಯ ಸೆಟರ್‌ಗಳು ಪಾಲಿಸುವ ಕಟ್ಟಳೆ. ಈ ಕಟ್ಟಳೆ ಇರುವುದರಿಂದಲೇ ಈ ಆಟದ ಮೇಲೆ ನನಗೆ ಇಷ್ಟು ಗೌರವ.

ಸೈನ್ಯದ ಪದಗಳಿಗೆ ನನಗೆ ಗುರು ಸಿಕ್ಕಿದ್ದು ಪಕ್ಕದ ತೋಟದಲ್ಲಿ. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ನಾಡಿನಲ್ಲಿ ನಿವೃತ್ತ ಸೈನಿಕರಿಗೇನು ಬರ. ಅಲ್ಲಿನ ಮೇಜರ್ ಸಾಹೇಬರು ಒಂದು ಸಂಜೆ ಕೂತು ಹೇಳಿಕೊಟ್ಟದ್ದು ಇವತ್ತಿಗೂ ಉಪಯೋಗಕ್ಕೆ ಬರುತ್ತಿದೆ. ಮೆನ್ ಅಂದರೆ ಅದರ್ ರ‍್ಯಾಂಕ್ಸ್, ಅಧಿಕಾರಿಗಳಲ್ಲದ ಸೈನಿಕರು, ಹಾಗಾಗಿ ಓ-ಆರ್. ಇಂಜಿನಿಯರ್ಸ್ ಅಂದರೆ ಬ್ರಿಟಿಷ್ ಸೈನ್ಯದ ರಾಯಲ್ ಇಂಜಿನಿಯರ್ಸ್, ಆರ್-ಇ, ಗನ್ನರ್ಸ್ ಅಂದರೆ ರಾಯಲ್ ಆರ್ಟಿಲರಿ, ಆರ್-ಎ. ಅದೇ ಆರ್-ಎ ಚಿತ್ರಕಾರನೂ ಹೌದು, ಲಂಡನ್ನಿನ ರಾಯಲ್ ಅಕಾಡೆಮಿ ಸದಸ್ಯ. ಆಫೀಸರ್ ಅಂದರೆ ಕರ್ನಲ್, ಸಿ-ಓ-ಎಲ್. ಬೆಟ್ಟಗಳ ನಡುವಿನ ಪಾಸ್‌ಗೂ ಇಂಗ್ಲಿಷಿನಲ್ಲಿ ಕಾಲ್ ಅನ್ನುತ್ತಾರೆ, ಅದೇ ಮೂರು ಅಕ್ಷರ. ಅದರ ಮುಂದೆ ಸುಳ್ಳು ಅನ್ನುವ ಲೈ ಸೇರಿಸಿದರೆ ಕಾಲಿ, ಕುರಿ ಕಾಯುವ ನಾಯಿ. ಕ್ರಿಕೆಟ್ಟಿನ ಡಕ್ ಓ, ಮೇಡನ್ ಎಂ, ಲೆಗ್ ಅಂದರೆ ಆನ್. ಹಡಗಿನವರು ಟಾರ್, ಸಾಲ್ಟ್, ಜಾಕ್, ಇಲ್ಲವೇ ಏಬಲ್-ಬಾಡೀಡ್ ಸೀಮನ್ ಅನ್ನುವುದರ ಎ-ಬಿ. ಇವು ವಾರಕ್ಕೆ ನಾಲ್ಕು ಸಲ ಬರುತ್ತವೆ, ತಾವಾಗಿಯೇ ಉಳಿದುಕೊಳ್ಳುತ್ತವೆ.

ಇವನ್ನೆಲ್ಲ ಬರೆದಿಡಲು ಒಂದು ಹಳೇ ಚೆಕ್‌ರೋಲ್ ಪುಸ್ತಕ, ಅಂದರೆ ಹಾಜರಿ ಪುಸ್ತಕ ಇಟ್ಟಿದ್ದೇನೆ. ಕೂಲಿಯವರ ಹೆಸರಿನ ಕಾಲಮ್ಮಿನಲ್ಲಿ ಪದ, ತಾರೀಖಿನ ಚೌಕಗಳಲ್ಲಿ ಅದಕ್ಕೆ ಸಿಕ್ಕ ಅರ್ಥಗಳು, ಸಿಕ್ಕಿದಂತೆಲ್ಲ ಒಂದೊಂದೇ. ಅಕಾರಾದಿಯಾಗಿ ಬರೆಯುವುದಿಲ್ಲ. ಸೈನ್ಯ, ಹಡಗು, ಸಂಗೀತ, ಕ್ರಿಕೆಟ್, ರಸಾಯನಶಾಸ್ತ್ರ ಅಂತ ಪುಟ ಹಂಚಿದ್ದೇನೆ, ಯಾಕೆಂದರೆ ಅರ್ಥ ತಪ್ಪಿಸಿಕೊಂಡು ಹೋಗುವುದು ಒಂದು ಕ್ಷೇತ್ರದಿಂದ ಇನ್ನೊಂದಕ್ಕೆ. ಜೊತೆಗೆ ಚೇಂಬರ್ಸ್ ಡಿಕ್ಷನರಿ, ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು. ಎರಡನೆಯದನ್ನು ಹಗುರವಾಗಿ ಕಾಣಬೇಡಿ. ಒಂದು ಪದದ ಕೆಳಗೆ ಸಾಲಾಗಿ ಬರುವ ಕನ್ನಡ ಅರ್ಥಗಳನ್ನು ಓದಿದಾಗ ಅವುಗಳ ನಡುವಿನ ದೂರ ಎಷ್ಟು ಅನ್ನುವುದು ಇಂಗ್ಲಿಷ್ ಡಿಕ್ಷನರಿಗಿಂತ ಬೇಗ ತಲೆಗೆ ಹೋಗುತ್ತದೆ.

ಬಿಡಿಸುವ ಕೈ ಪಳಗಬೇಕಾದರೆ ಸುಳಿವು ಕಟ್ಟಿಯೂ ನೋಡಬೇಕು. ಕಕ್ಕಡ ತಿಂಗಳ ಮಳೆಯಲ್ಲಿ ತೋಟದ ಕೆಲಸ ನಿಂತಾಗ ನಾನು ಇದಕ್ಕೇ ಕೂರುತ್ತೇನೆ. 'ಸ್ಟ್ರಾಂಗ್ ಆರ್ಟಿಕಲ್ ಫಾರ್ ಕಾಫಿ (7)' ನಾನು ಕಟ್ಟಿದವುಗಳಲ್ಲಿ ನನಗೆ ಹೆಚ್ಚು ಸಮಾಧಾನ ಕೊಟ್ಟದ್ದು. ಆರ್ಟಿಕಲ್ ಅಂದ ಕೂಡಲೇ ಪತ್ರಿಕೆಯ ಲೇಖನ ನೆನಪಾಗುತ್ತದೆ, ಕಾಫಿ ಬೆಲೆಯ ಬಗ್ಗೆ ಯಾರೋ ಖಾರವಾಗಿ ಬರೆದಿರಬೇಕು ಅನ್ನಿಸುತ್ತದೆ. ಇಲ್ಲಿ ಅದು ವ್ಯಾಕರಣದ ಆರ್ಟಿಕಲ್, ಎ. ಸ್ಟ್ರಾಂಗ್ ಅಂದರೆ ರೊಬಸ್ಟ್. ಎರಡೂ ಸೇರಿದರೆ ರೊಬಸ್ಟಾ.

ಈಗ ನಿಮಗೊಂದು. 'ವಿಕೆಡ್ ಥಿಂಗ್ ನೀಡೆಡ್ ಇನ್ ಎ ಪವರ್ ಕಟ್ (6)'. ವಿಕೆಡ್ ಅನ್ನುವುದನ್ನು ಕೆಟ್ಟದ್ದು ಅಂತ ಓದಬೇಡಿ, ಬಾಲದ ಎಡ್ ತೆಗೆದು ಬುಡದಲ್ಲಿ ಏನು ಉಳಿಯುತ್ತದೆ ನೋಡಿ.