ಎಳ್ಳಿಗಿಂತ ಸಣ್ಣ ಉಣುಗನ್ನು ಗೋಡೆಗೆ ತಂದ ಕಥೆ

ನಾನು ಸಾಗರದ ಕಡೆಯವನು, ಬೋರ್ಡ್ ಬರೆಯುವ ಕೆಲಸ. ಫ್ಲೆಕ್ಸ್ ಬಂದ ಮೇಲೆ ಅಂಗಡಿ ಬೋರ್ಡು ಕಮ್ಮಿಯಾಯಿತು. ಈಗ ಶಾಲೆ ಗೋಡೆ, ದೇವಸ್ಥಾನದ ಕಾಂಪೌಂಡು, ಸಿಕ್ಕಿದ್ದು ಮಾಡುತ್ತೇನೆ. ಊರಿನ ಹುಡುಗರು ಬಂದು, ಬಸ್ ಸ್ಟ್ಯಾಂಡಿನ ಗೋಡೆಗೆ ಮಂಗನ ಕಾಯಿಲೆ ಬಗ್ಗೆ ಚಿತ್ರ ಬರೆದುಕೊಡಿ ಅಂದಾಗ ಎರಡು ದಿನದ ಕೆಲಸ ಅಂದುಕೊಂಡೆ. ಹದಿನೆಂಟು ದಿನ ಹಿಡಿಯಿತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಕಪ್ಪು ಮೂತಿಯ ದೊಡ್ಡ ಮಂಗ, ನಮ್ಮ ಕಡೆಯ ಮುಸಿಯ, ಅದರ ಮೇಲೆ ಕೆಂಪು ಅಡ್ಡಗೆರೆ, ಕೆಳಗೆ 'ಎಚ್ಚರಿಕೆ'. ದರಗಿನ, ಅಂದರೆ ಕಾಡಿನ ಒಣ ಎಲೆಯ ಹೊರೆ ಇಳಿಸಿ ಅಲ್ಲೇ ಕೂತಿದ್ದ ಒಬ್ಬ ಅಮ್ಮ ಸುಮ್ನೆ ನೋಡುತ್ತಿದ್ದರು. ಆಮೇಲೆ ಕೇಳಿದರು: "ತಮಾ, ಮಂಗ ಎಂಥ ಮಾಡ್ತದೆ? ಕಚ್ಚೂದು ಉಣುಗು ಅಲ್ದನಾ?"

ಹೌದಲ್ವಾ! ಕಚ್ಚುವುದು ಉಣುಗು, ಅಂದರೆ ರಕ್ತ ಹೀರುವ ಉಣ್ಣೆ. 1957ರಲ್ಲಿ ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು, ಸುತ್ತಲಿನ ಜನಕ್ಕೂ ಜ್ವರ ಬಂದಾಗಲೇ ಈ ಕಾಯಿಲೆ ಗೊತ್ತಾಗಿದ್ದು. ಹೆಸರು ಮಂಗನ ತಲೆಗೆ ಬಿತ್ತು. ಆದರೆ ಅದೂ ನಮ್ಮ ಹಾಗೆ ಉಣುಗು ಕಚ್ಚಿಸಿಕೊಂಡೇ ಸಾಯುವುದು. ಸತ್ತ ಮಂಗನ ಮೈಯಿಂದ ಉಣುಗು ಇಳಿದು ಸುತ್ತ ಹರಡುತ್ತದೆ, ಆ ಕಡೆ ಹೋದವರಿಗೆ ಹತ್ತುತ್ತದೆ. ತೋಟ ಹಾಳು ಮಾಡುವ ಮಂಗಗಳ ಮೇಲೆ ನಮ್ಮವರಿಗೆ ಮೊದಲೇ ಸಿಟ್ಟು. ನನ್ನ ಚಿತ್ರ ನೋಡಿದ್ದರೆ ಇನ್ನೆರಡು ಕಲ್ಲು ಜಾಸ್ತಿ ಹೊಡೆಯುತ್ತಿದ್ದರು, ಅಷ್ಟೇ.

ಅಳಿಸಿ ಉಣುಗು ಬರೆದೆ. ತೆಂಗಿನಕಾಯಿ ಗಾತ್ರ, ಎಂಟು ಕಾಲು. ಶಾಲೆ ಮಕ್ಕಳು "ಏಡಿ ಚೆನ್ನಾಗಿದೆ" ಅಂದರು. ಕಾಯಿಲೆಯನ್ನು ಜಾಸ್ತಿ ಅಂಟಿಸುವುದು ಮರಿ ಉಣುಗು, ಅದು ಎಳ್ಳಿಗಿಂತ ಸಣ್ಣ. ಏಡಿಯಷ್ಟು ದೊಡ್ಡದು ಬರೆದರೆ ಜನ ಕಾಲಿನ ಮೇಲೆ ಏನನ್ನು ಹುಡುಕಬೇಕು? ಕೊನೆಗೆ ಇದ್ದಷ್ಟೇ ಗಾತ್ರಕ್ಕೆ ಬರೆಯೋಣ ಅನ್ನಿಸಿತು. ಆದರೆ ಅಷ್ಟು ಸಣ್ಣ ಚುಕ್ಕೆಯನ್ನು ಜನ ನಿಂತು ನೋಡಬೇಕಾದರೆ, ಸುತ್ತ ನೋಡುವಂಥದ್ದು ಏನಾದರೂ ಇರಬೇಕು.

ಪ್ರಶ್ನೆ ಕೇಳಿದ ಅಮ್ಮ ದೀವರು ಸಮುದಾಯದವರು, ಹಸೆ ಬರೆಯುವ ಕೈ. ಮದುವೆ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕರಕಲು ಮಾಡಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿಯಲ್ಲಿ ಬರೆಯುವ ಚಿತ್ತಾರ. ಕುಂಚ ಪುಂಡಿ ನಾರಿನದು. ಕೂಲಿ ಮಾತಾಡಿಯೇ ಕರೆದೆ. ಅವರು ಎರಡು ಷರತ್ತು ಹಾಕಿದರು. ಮದುವೆಯ ಹಸೆ ಬಸ್ ಸ್ಟ್ಯಾಂಡಿಗೆ ಬರುವುದಿಲ್ಲ, ಬರೀ ಎಳೆ, ಗಿಡ, ಹಕ್ಕಿ ಬರೆಯುತ್ತೇನೆ. ಮತ್ತೆ, ಆ ಗೆರೆಗಳ ಒಳಗೆ ಸತ್ತ ಮಂಗ ಬೇಡ. ಹಾಗಾಗಿ ಸತ್ತ ಮಂಗ ಹೊರಗಿನ ಗೋಡೆಗೆ ಹೋಯಿತು. ಅದನ್ನು ನಾನೇ ಬರೆದೆ, ಪಕ್ಕದಲ್ಲಿ 'ಮುಟ್ಟಬೇಡಿ, ಆಸ್ಪತ್ರೆಗೆ ತಿಳಿಸಿ' ಅಂತ.

ಗೋಡೆಯ ಕೆಲಸವೇ ದೊಡ್ಡದು. ನಮ್ಮ ಮಳೆಗೆ ಗೋಡೆ ನವೆಂಬರ್ ತನಕ ಹಸಿಯಾಗಿಯೇ ಇರುತ್ತದೆ. ಹಸಿ ಗೋಡೆಗೆ ಪೇಂಟ್ ಹೊಡೆದರೆ ಹಪ್ಪಳದ ಹಾಗೆ ಎದ್ದುಬರುತ್ತದೆ. ಈ ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇ. ನಡುವೆ ಸಿಕ್ಕಿದ್ದು ಮೂರೇ ವಾರ. ವೈರ್ ಬ್ರಶ್‌ನಲ್ಲಿ ಪಾಚಿ ಕೆರೆದು, ಸುಣ್ಣ ಹೊಡೆದು, ಪೂರ್ತಿ ಒಣಗಿಸಿ, ಹೊರಗೋಡೆಗೆ ಎಕ್ಸ್‌ಟೀರಿಯರ್ ಎಮಲ್ಷನ್ ಹಾಕಿದೆ. ಒಳಗೆ ಸೂರಿನ ಕೆಳಗೆ ನಿಜವಾದ ಕೆಮ್ಮಣ್ಣು, ಅಕ್ಕಿ ಹಿಟ್ಟು. ಒಂದು ರಾತ್ರಿಯಲ್ಲಿ ಅಲ್ಲಿ ಮಲಗುವ ದನಗಳು ಕೆಳಗಿನ ಎರಡಡಿ ನೆಕ್ಕಿ ಹಾಕಿದವು! ಅಮ್ಮನಿಗೆ ನಗುವೋ ನಗು. ಆಮೇಲೆ ಅಷ್ಟು ಭಾಗಕ್ಕೆ ಮಾತ್ರ ಬಿಳಿ ಪೇಂಟ್ ಕೊಟ್ಟೆ, ಅವರು ಮುಖ ಗಂಟು ಹಾಕಿಕೊಂಡೇ ಬರೆದರು.

ಎಲ್ಲ ಮುಗಿದ ಮೇಲೆ ಕಡ್ಡಿ ತುದಿಯಲ್ಲಿ ಕಪ್ಪು ಅದ್ದಿ ಚುಕ್ಕೆ ಇಟ್ಟೆ. ಎಲೆ ತುದಿಗೆ, ಹಕ್ಕಿ ಕಾಲಿಗೆ, ದರಗು ಹೊತ್ತ ಹೆಂಗಸಿನ ಮೊಣಕಾಲ ಹಿಂದೆ, ದನದ ಕಿವಿಗೆ. ಒಟ್ಟು ಅರವತ್ತು. ಮೇಲೆ ಒಂದೇ ಸಾಲು: 'ಉಣುಗು ಎಷ್ಟಿವೆ, ಹುಡುಕಿ'. ಕೊನೆಯಲ್ಲಿ ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಉಣುಗು ಹತ್ತದ ಹಾಗೆ ಡೇಪಾ ಎಣ್ಣೆ ಹಚ್ಚುವ, ಬಂದ ಮೇಲೆ ಬಿಸಿನೀರು ಸ್ನಾನ ಮಾಡುವ ಚಿತ್ರ. ನಮ್ಮ ತಾಲೂಕಿನ ಅರಳಗೋಡಿನಲ್ಲಿ 2019ರಲ್ಲಿ ಇದೇ ಕಾಯಿಲೆಗೆ ಜನ ತೀರಿಹೋದದ್ದು ಯಾರೂ ಮರೆತಿಲ್ಲ, ಅದಕ್ಕೇ ಹೆದರಿಸುವ ಮಾತು ಬರೆಯಲಿಲ್ಲ.

ಬೆಳಗಿನ ಬಸ್ಸು ಹೇಗೂ ತಡ. ಮಕ್ಕಳು ಗೋಡೆಗೆ ಮೂಗು ಹಚ್ಚಿ ಎಣಿಸುತ್ತಾರೆ. ಹೋದ ವಾರ ಒಬ್ಬ ಹುಡುಗ "ಮಾವ, ಅರವತ್ತಮೂರು" ಅಂದ. ಇಲ್ಲ ಕಣೋ, ಬರೆದವನು ನಾನು ಅಂದೆ. ಬಗ್ಗಿ ನೋಡಿದರೆ ಮೂರು ಚುಕ್ಕೆ ಬಾಲ್‌ಪೆನ್ನಿನವು. ಹೆಂಗಸಿನ ಸೊಂಟದ ಹತ್ತಿರ, ಸೀರೆ ಕಟ್ಟಿದ ಜಾಗದಲ್ಲಿ. ನನಗೆ ಹೊಳೆದೇ ಇರಲಿಲ್ಲ. ಅಳಿಸದೆ ಬಿಟ್ಟಿದ್ದೇನೆ.