ಪ್ರೊಸೆಸರ್ ವೇಗ ಹೆಚ್ಚಿಸುವ ಮುನ್ನ ಕೋಣೆಯ ಬಿಸಿ ಅಳೆಯಿರಿ

ಕಲಬುರಗಿಯ ನಮ್ಮ ಮನೆಯಲ್ಲಿ ಏಪ್ರಿಲ್‌ನ ಒಂದು ಬೆಳಿಗ್ಗೆ ಓವರ್‌ಕ್ಲಾಕ್ ಮಾಡಿದ, ಅಂದರೆ ತಯಾರಕರು ನಿಗದಿಪಡಿಸಿದ್ದಕ್ಕಿಂತ ವೇಗ ಹೆಚ್ಚಿಸಿದ ಪ್ರೊಸೆಸರ್, ಪೂರ್ಣ ಹೊರೆಯ ಪರೀಕ್ಷೆಯಲ್ಲಿ 76 ಡಿಗ್ರಿ ತೋರಿಸಿತು. ಸಮಾಧಾನದಿಂದ ಹಾಗೆಯೇ ಬಿಟ್ಟೆ. ಮಧ್ಯಾಹ್ನ ಮೂರಕ್ಕೆ ಅದೇ ಪರೀಕ್ಷೆ ನಡೆಸಿದಾಗ 87 ಡಿಗ್ರಿ! ಯಂತ್ರದಲ್ಲಿ ಏನೂ ಬದಲಾಗಿರಲಿಲ್ಲ. ಕೋಣೆ ಮಾತ್ರ 27ರಿಂದ 38 ಡಿಗ್ರಿಗೆ ಕಾದಿತ್ತು. ಪ್ರೊಸೆಸರ್ ಮೇಲಿನ ಫ್ಯಾನ್ ಊದುವುದು ಕೋಣೆಯ ಗಾಳಿಯನ್ನೇ. ಅದು ಎಷ್ಟು ಕಾಯುತ್ತದೆಯೋ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಅಷ್ಟೇ ಕಾಯುತ್ತದೆ. ಎಸಿ ಕೋಣೆಯಲ್ಲಿ ಪರೀಕ್ಷಿಸಿದವರು ಕೊಡುವ ಅಂಕಿಯನ್ನು ನಮ್ಮ ಬಿಸಿಲ ನಾಡಿನಲ್ಲಿ ಹಾಗೆಯೇ ನಂಬಲಾಗದು.

ಮೊದಲು ನಿಮ್ಮ ಪ್ರೊಸೆಸರ್‌ನ ಬಿಸಿಯ ಗರಿಷ್ಠ ಮಿತಿ ತಿಳಿದುಕೊಳ್ಳಿ. ನನ್ನದು ಎಎಂಡಿ ರೈಜನ್ 5 5600ಎಕ್ಸ್. ಮಿತಿ 95 ಡಿಗ್ರಿ. ರೈಜನ್ 7 7800ಎಕ್ಸ್3ಡಿಗೆ 89. ಇಂಟೆಲ್‌ನ 12ರಿಂದ 14ನೇ ತಲೆಮಾರಿನ ಡೆಸ್ಕ್‌ಟಾಪ್ ಕೋರ್ ಪ್ರೊಸೆಸರ್‌ಗಳಿಗೆ ಸಾಮಾನ್ಯವಾಗಿ 100. ಮಿತಿ ಮುಟ್ಟಿದ ಕೂಡಲೇ ಚಿಪ್ ಸುಟ್ಟುಹೋಗುವುದಿಲ್ಲ. ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಹಾಗಾದಾಗ ಓವರ್‌ಕ್ಲಾಕ್ ಮಾಡಿದ ಶ್ರಮವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. ನಾನು ಹಾಕಿಕೊಂಡಿರುವ ಗೆರೆ, ವರ್ಷದ ಅತ್ಯಂತ ಬಿಸಿ ಮಧ್ಯಾಹ್ನದ ಪೂರ್ಣ ಹೊರೆಯಲ್ಲೂ 80ರಿಂದ 85. ದಿನನಿತ್ಯದ ಆಟ, ಕೆಲಸಗಳಲ್ಲಿ 75 ದಾಟಬಾರದು.

ಇನ್ನು ಪ್ರೊಸೆಸರನ್ನು ತಂಪಾಗಿಡುವ ಕೂಲರ್. 5600ಎಕ್ಸ್ ಜೊತೆ ಪೆಟ್ಟಿಗೆಯಲ್ಲೇ ಬರುವ ಪುಟ್ಟ ಕೂಲರ್ ಓವರ್‌ಕ್ಲಾಕ್‌ಗೆ ಸಾಲದು. 120 ಮಿಲಿಮೀಟರ್ ಫ್ಯಾನ್ ಇರುವ ಗೋಪುರದಾಕಾರದ ಕೂಲರ್ ಹಾಕಿ. ಹಳೆಯದನ್ನು ತೆಗೆಯುವಾಗ ಮಾತ್ರ ದಯವಿಟ್ಟು ಅವಸರ ಬೇಡ. 5600ಎಕ್ಸ್ ಕೂರುವ ಎಎಂ4 ಸಾಕೆಟ್‌ನಲ್ಲಿ, ಪ್ರೊಸೆಸರ್‌ನಿಂದ ಕೂಲರ್‌ಗೆ ಶಾಖ ದಾಟಿಸುವ ಪೇಸ್ಟ್ ಗಟ್ಟಿಯಾಗಿದ್ದರೆ, ಕೂಲರ್ ಎಳೆದಾಗ ಪ್ರೊಸೆಸರ್ ಕೂಡ ಅದಕ್ಕೆ ಅಂಟಿಕೊಂಡು ಸಾಕೆಟ್‌ನಿಂದ ಕಿತ್ತುಬರಬಹುದು. ಅದರ ಅಡಿಯಲ್ಲಿರುವ 1,331 ಪಿನ್‌ಗಳಲ್ಲಿ ಒಂದು ಬಾಗಿದರೂ ಕಂಪ್ಯೂಟರ್ ಏಳದಿರಬಹುದು. ಆದ್ದರಿಂದ ಹತ್ತು ನಿಮಿಷ ಭಾರದ ಕೆಲಸ ಕೊಟ್ಟು ಪೇಸ್ಟ್ ಮೆದುವಾಗಲು ಬಿಡಿ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಸ್ಕ್ರೂ ಸಡಿಲಿಸಿ, ಕೂಲರನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಚಿ. ಅಂಟು ಬಿಟ್ಟದ್ದು ಕೈಗೆ ತಿಳಿಯುತ್ತದೆ, ಆಮೇಲಷ್ಟೇ ಎತ್ತಿ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಹಳೆಯ ಪೇಸ್ಟ್ ಒರೆಸಿ, ಪ್ರೊಸೆಸರ್‌ನ ನಡುವೆ ಬಟಾಣಿ ಕಾಳಿನಷ್ಟು ಹೊಸದನ್ನು ಇಡಿ. ಹೊಸ ಕೂಲರ್‌ನ ತಳದಲ್ಲಿರುವ ಪ್ಲಾಸ್ಟಿಕ್ ಪೊರೆ ಸುಲಿಯಲು ಮರೆಯಬೇಡಿ.

ಈಗ ಅಳತೆ. ಬಿಸಿ, ವೇಗ ತೋರಿಸುವ ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶ ತೆರೆದಿಟ್ಟು, ಏನನ್ನೂ ಬದಲಿಸದೆ, ಪ್ರೊಸೆಸರ್‌ಗೆ ಪೂರ್ಣ ಹೊರೆ ಕೊಟ್ಟು ಅಂಕ ನೀಡುವ ಸಿನೆಬೆಂಚ್ ಆರ್23 ಪರೀಕ್ಷೆಯನ್ನು ಹತ್ತು ನಿಮಿಷ ಓಡಿಸಿ. ಗರಿಷ್ಠ ಬಿಸಿ, ವೇಗ, ಅಂಕ, ಕೋಣೆಯ ಬಿಸಿ ನಾಲ್ಕನ್ನೂ ಬರೆದಿಡಿ. ಇಲ್ಲೇ 85 ದಾಟಿದರೆ ಓವರ್‌ಕ್ಲಾಕ್ ಬೇಡ. ಮೊದಲು ಕೂಲರ್ ಸರಿಯಾಗಿ ಕೂತಿದೆಯೇ, ಕ್ಯಾಬಿನೆಟ್‌ನಲ್ಲಿ ಗಾಳಿ ಆಡುತ್ತಿದೆಯೇ ನೋಡಿ.

ನಂತರ ಬಯಾಸ್‌ಗೆ (ಮದರ್‌ಬೋರ್ಡ್‌ನ ಸೆಟ್ಟಿಂಗ್ ಪರದೆಗೆ) ಹೋಗಿ, ನನ್ನಂತೆ 5600ಎಕ್ಸ್ ಇದ್ದರೆ ವೋಲ್ಟೇಜನ್ನು 1.2ಕ್ಕೆ, ಎಲ್ಲ ಕೋರ್‌ಗಳ (ಪ್ರೊಸೆಸರ್‌ನೊಳಗೆ ಲೆಕ್ಕ ಮಾಡುವ ಘಟಕಗಳ) ವೇಗವನ್ನು 4.4 ಗಿಗಾಹರ್ಟ್ಸ್‌ಗೆ ನಿಲ್ಲಿಸಿ. ಪರೀಕ್ಷೆ ನಿರಾತಂಕವಾಗಿ ಮುಗಿದರೆ 25 ಮೆಗಾಹರ್ಟ್ಸ್ ಏರಿಸಿ ಮತ್ತೆ ಪರೀಕ್ಷಿಸಿ. ಕಂಪ್ಯೂಟರ್ ಸ್ಥಗಿತಗೊಂಡರೆ ಒಂದು ಹೆಜ್ಜೆ ಹಿಂದೆ ಬನ್ನಿ. ಪರದೆಯೇ ಬಾರದಿದ್ದರೆ ಗಾಬರಿ ಬೇಡ: ಪ್ಲಗ್ ಕಿತ್ತು, ಮದರ್‌ಬೋರ್ಡ್‌ನ ನಾಣ್ಯದಾಕಾರದ ಸಿಆರ್2032 ಬ್ಯಾಟರಿಯನ್ನು ಕೆಲ ನಿಮಿಷ ತೆಗೆದಿಟ್ಟರೆ ಬಯಾಸ್ ಮೊದಲಿನ ಸ್ಥಿತಿಗೆ ಮರಳುತ್ತದೆ.

ಇಲ್ಲಿ ಎಲ್ಲರಿಗೂ ಆಸೆ ಹುಟ್ಟುತ್ತದೆ: ವೋಲ್ಟೇಜ್ ಒಂದಿಷ್ಟು ಏರಿಸಿದರೆ ಇನ್ನೂ ವೇಗ ಸಿಗುವುದಲ್ಲವೇ? ಸಿಗುತ್ತದೆ, ಆದರೆ ಲೆಕ್ಕ ನೋಡಿ. ಚಿಪ್ ಹೊರಹಾಕುವ ಶಾಖ ವೇಗಕ್ಕೆ ನೇರ ಅನುಪಾತದಲ್ಲಿ ಏರಿದರೆ, ವೋಲ್ಟೇಜ್‌ನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 4.5 ಗಿಗಾಹರ್ಟ್ಸ್‌ಗೆ 1.2 ವೋಲ್ಟ್ ಸಾಕಾಗಿ, 4.6ಕ್ಕೆ 1.3 ಬೇಕಾದರೆ, ವೇಗದ ಲಾಭ ಶೇ 2ರಷ್ಟು. ಹೆಚ್ಚುವ ಶಾಖ ಶೇ 20ರಷ್ಟು! ಏಪ್ರಿಲ್‌ನಲ್ಲಿ ನಾನು ಮಾಡಿದ್ದು ಇದನ್ನೇ. ಅತಿ ವೋಲ್ಟೇಜ್ ಮತ್ತು ಬಿಸಿ ಎರಡೂ ಸೇರಿದರೆ ಚಿಪ್‌ನೊಳಗಿನ ಸೂಕ್ಷ್ಮ ತಂತಿಗಳ ಲೋಹದ ಪರಮಾಣುಗಳು ಕ್ರಮೇಣ ಜಾಗ ಬಿಡುತ್ತವೆ. ಆ ಸವೆತ ಯಾವ ಮಾಪಕದಲ್ಲೂ ಕಾಣುವುದಿಲ್ಲ. ಈ ಚಿಪ್‌ಗೆ ಎಲ್ಲ ಕೋರ್‌ಗಳ ಸ್ಥಿರ ವೋಲ್ಟೇಜ್ 1.3 ದಾಟಿಸಬೇಡಿ ಎಂಬುದು ನನ್ನ ಸಲಹೆ. ಓವರ್‌ಕ್ಲಾಕ್‌ನಿಂದಾದ ಹಾನಿಗೆ ಎಎಂಡಿ ವಾರಂಟಿ ಸಿಗುವುದಿಲ್ಲ ಎಂಬುದೂ ನೆನಪಿರಲಿ.

ಕೊನೆಗೆ ಪ್ರೈಮ್95 ಎಂಬ ಪರೀಕ್ಷಾ ತಂತ್ರಾಂಶ ಒಂದು ಗಂಟೆ ಓಡಲಿ. ಇದು ಸಿನೆಬೆಂಚ್‌ಗಿಂತ ಹೆಚ್ಚು ಕಾಯಿಸುತ್ತದೆ, ಹಾಗಾಗಿ ಬಿಸಿ 90ರ ಹತ್ತಿರ ಬಂದರೆ ನಿಲ್ಲಿಸಿಬಿಡಿ. ಎರಡು ತಿಂಗಳಿಗೊಮ್ಮೆ ಕೂಲರ್‌ನ ರೆಕ್ಕೆಗಳ ನಡುವಿನ ಧೂಳನ್ನು ಬಣ್ಣ ಬಳಿಯುವ ಬ್ರಷ್‌ನಿಂದ ತೆಗೆಯಿರಿ. ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದಿರಬೇಕು.

ನಾನೀಗ 4.5 ಗಿಗಾಹರ್ಟ್ಸ್, 1.2 ವೋಲ್ಟ್‌ನಲ್ಲಿ ನಿಂತಿದ್ದೇನೆ. ಮೇ ತಿಂಗಳ ಮಧ್ಯಾಹ್ನ ಮೂರಕ್ಕೆ, ಕೋಣೆ ಮತ್ತೆ 38 ಡಿಗ್ರಿ ಇದ್ದಾಗ ಸಿನೆಬೆಂಚ್ ಓಡಿಸಿ ನೋಡಿದೆ: 79.